ನೆರಳಿನ ಪಾಲು

ನಮ್ಮ ಮನೆಯ ಅಡುಗೆಕೋಣೆ ಮೊದಲು ಒಂದೇ ಇತ್ತು. ಉದ್ದನೆಯ ಕತ್ತಲೆ ಕೋಣೆ. ಒಂದು ತುದಿಯಲ್ಲಿ ಒಲೆ ಉರಿಯುತ್ತಿದ್ದರೂ ಇನ್ನೊಂದು ತುದಿಯಲ್ಲಿ ಕೂತವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆ ತುದಿಯಲ್ಲಿ ಬೀಸುವ ಕಲ್ಲು, ಅದರಾಚೆ ಹಿತ್ತಿಲ ಬಾಗಿಲು, ಬಾಗಿಲು ದಾಟಿದರೆ ತೆಂಗಿನ ತೋಟ. ಗುಬ್ಬಿಯಿಂದ ಬರುವ ಬಸ್ಸು ಇಳಿದು ಕೆರೆ ಏರಿಯ ಮೇಲೆ ನಡೆದು ಬಂದರೆ ಮೊದಲು ತೋಟ ಸಿಗುತ್ತಿತ್ತು, ಆಮೇಲೆ ಮನೆ. ಮನೆಯಲ್ಲಿ ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕವ್ವ, ಅಪ್ಪನ ತಾಯಿಯಾದ ನಮ್ಮ ಅಜ್ಜಿ, ಮತ್ತೆ ನಾನು. ಚಿಕ್ಕವ್ವನಿಗೆ ಮಕ್ಕಳಾಗಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಕೂಗುತ್ತಿದ್ದ ಹೆಸರು ಒಂದೇ, ಗಿರಿಜಾ. ಈಗ ನಾನು ತುಮಕೂರಿನಲ್ಲಿದ್ದೇನೆ. ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ಅವ್ವನ ಆಗಿನ ವಯಸ್ಸನ್ನು ದಾಟಿ ಬಹಳ ಮುಂದೆ ಬಂದಿದ್ದೇನೆ. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಬರುವಾಗ ನನ್ನ ಸೊಂಟದ ನೋವಿನಲ್ಲಿ ಅವಳ ಸೊಂಟ ನೆನಪಾಗುತ್ತದೆ. ಆಗ ಅರ್ಥವಾಗದೆ ಉಳಿದ ಅವಳ ಎಷ್ಟೋ ಮೌನಗಳು ಈಗ ಒಂದೊಂದಾಗಿ ಅರ್ಥವಾಗುತ್ತಿವೆ.

ಅವ್ವನ ತವರು ಕುಣಿಗಲ್ ಕಡೆ, ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ. ಅಲ್ಲಿ ಅವಳ ಅಣ್ಣಂದಿರು ತೆಂಗು, ಮಾವು, ಹಲಸು ಯಾವ ಮರವಿದ್ದರೂ ಅದರ ನೆರಳಲ್ಲಿ ಏನಾದರೊಂದು ಗೆಡ್ಡೆ ಹಾಕುತ್ತಿದ್ದರು. ನಮ್ಮಲ್ಲಿ ಆ ಅಭ್ಯಾಸ ಇರಲಿಲ್ಲ. ತೆಂಗಿನ ಮರ ಎಂದರೆ ಮೇಲೆ ನೋಡುವುದು. ಕೆಳಗಿನ ನೆಲ ಕಾಯಿ ಬೀಳುವುದಕ್ಕೆ, ಎಮ್ಮೆ ಮೇಯುವುದಕ್ಕೆ, ಸೋಗೆ ಒಣಗುವುದಕ್ಕೆ ಅಷ್ಟೆ. ಒಂದು ಶಿವರಾತ್ರಿಗೆ ತವರಿಗೆ ಹೋದ ಅವ್ವ ವಾಪಸು ಬರುವಾಗ ಬಸ್ಸಿನ ಮೇಲೆ ಒಂದು ಗೋಣಿಚೀಲ ಹಾಕಿಸಿಕೊಂಡು ಬಂದಳು. ಅದರೊಳಗೆ ಸುವರ್ಣಗೆಡ್ಡೆ. ಮೈಯೆಲ್ಲ ಮಣ್ಣು, ಬೇರಿನ ಕೂದಲು, ಎಮ್ಮೆಯ ಗೊರಸಿನಷ್ಟು ಒರಟು. ಅಜ್ಜಿ ಜಗಲಿಯ ಮೇಲೆ ಕೂತು ಚೀಲ ಇಳಿಸುವುದನ್ನೇ ನೋಡುತ್ತಿದ್ದಳು. ಅವ್ವ ಗೆಡ್ಡೆಗಳನ್ನು ನಡುಮನೆಯ ಪಕ್ಕದ ಕೋಣೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ ಬೂದಿ ಹರಡಿ ಅದರ ಮೇಲೆ ಜೋಡಿಸಿದಳು. ಮೊದಲ ಮಳೆ ಬಿದ್ದ ಮೇಲೆ ನೆಡಬೇಕು, ಅಲ್ಲಿಯವರೆಗೆ ನೀರು ತಾಗಬಾರದು ಎಂದು ನನಗೂ ಹೇಳಿದಳು.

ಬೇಸಗೆಯ ನಡುವೆ ಮನೆಯಲ್ಲಿ ಒಂದು ವಾಸನೆ ಎದ್ದಿತು. ಸತ್ತ ಇಲಿಯ ವಾಸನೆ. ಮೊದಲ ದಿನ ಅಜ್ಜಿ ಮೂಗಿಗೆ ಸೆರಗು ಹಿಡಿದುಕೊಂಡು ಕೋಣೆ ಕೋಣೆ ಸುತ್ತಿದಳು. ಚಿಕ್ಕಪ್ಪ ಏಣಿ ಹಾಕಿ ಅಟ್ಟ ಹತ್ತಿ ಕೊಬ್ಬರಿಯನ್ನೆಲ್ಲ ಎಳೆದು ಕೆಳಗೆ ಹಾಕಿದ. ಇಲಿ ಸಿಗಲಿಲ್ಲ. ಮಾರನೆಯ ದಿನ ವಾಸನೆ ಇನ್ನೂ ಜೋರಾಯಿತು. ದೇವರ ಮುಂದೆ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದ ಅಪ್ಪ ಅರ್ಧಕ್ಕೇ ಎದ್ದು ಹೊರಗೆ ಬಂದ. ಕೊನೆಗೆ ಮೂಲೆಯಲ್ಲಿ ಬೂದಿಯ ಮೇಲೆ ಅದನ್ನು ಕಂಡವಳು ಚಿಕ್ಕವ್ವ. ಮಣ್ಣಿಲ್ಲದೆ, ನೀರಿಲ್ಲದೆ, ಬೆಳಕಿಲ್ಲದೆ ಒಂದು ಗೆಡ್ಡೆ ಹೂಬಿಟ್ಟಿತ್ತು. ಹೂವೆಂದರೆ ಮುಡಿಯುವ ಹೂವಲ್ಲ. ಹಸಿ ಪಿತ್ತಜನಕಾಂಗದ ಬಣ್ಣದ ದಪ್ಪ ಜಾಲರಿ, ನಡುವೆ ಸುಕ್ಕುಗಟ್ಟಿದ ಉಂಡೆ, ಅದರ ಸುತ್ತ ನೊಣಗಳು. ಚಿಕ್ಕವ್ವ ನಗಲು ಶುರುಮಾಡಿದಳು. ಅವಳ ನಗು ನೋಡಿ ಅವ್ವನಿಗೂ ನಗು ಬಂತು. ಅಜ್ಜಿಗೆ ಬರಲಿಲ್ಲ.

"ನಗ್ತೀರ? ದೇವ್ರ ಮನೆ ಪಕ್ಕ ಹೆಣದ್ ವಾಸ್ನೆ ಬರೋ ಹೂವ ತಂದು ಮಡಗವ್ಳೆ, ನಗ್ತೀರ! ಇದ್ನ ತೋಟಕ್ಕೆ ಹಾಕಿದ್ರೆ ಮರ ಉಳೀತಾವಾ?"

"ಅತ್ತೆ, ನಮ್ಮೂರಲ್ಲಿ ಎಲ್ಲಾ ಹಾಕ್ತಾರೆ. ಮರಕ್ಕೆ ಒಳ್ಳೇದೇ ಆಗ್ತದೆ, ಗೊಬ್ರ ಬೀಳ್ತದಲ್ಲ," ಎಂದಳು ಅವ್ವ.

"ನಿಮ್ಮೂರಲ್ಲಿ ಹಾಕ್ಕಳ್ಳಿ. ನಮ್ ತೆಂಗಿನ್ ಬುಡಕ್ಕೆ ಗುದ್ಲಿ ಹಾಕೋದು ಬ್ಯಾಡ. ನಮ್ಮತ್ತೆ ಕಾಲ್ದಿಂದ ಯಾರೂ ಹಾಕಿಲ್ಲ."

ಅವತ್ತು ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಪ್ಪ ಜಗಳಕ್ಕೆ ಬೆನ್ನು ಕೊಟ್ಟು ಬದುಕಿದವನು. ಮುದ್ದೆ ಮುರಿಯುತ್ತ, ಸಾರಿಗೆ ಅದ್ದುತ್ತ, ಯಾರ ಮುಖವನ್ನೂ ನೋಡದೆ ಒಂದು ತೀರ್ಪು ಕೊಟ್ಟ. ಕಾಲುವೆಯ ಆಚೆ ಮೂಲೆಯಲ್ಲಿ ಹಳೆಯ ಮರಗಳಿವೆ. ಅವು ಎತ್ತರ ಹೋಗಿ ಕೆಳಗೆ ಅಷ್ಟಿಷ್ಟು ಬಿಸಿಲು ಬಿಡುತ್ತವೆ, ಫಸಲೂ ಕಡಿಮೆ. ಅಲ್ಲಿ ಬೇಕಾದರೆ ಹಾಕಿಕೊಳ್ಳಲಿ. ಅಜ್ಜಿ ತಟ್ಟೆ ಸರಿಸಿ ಎದ್ದಳು. ಅವ್ವ ಆ ಒಪ್ಪಿಗೆಯನ್ನು ತಲೆ ತಗ್ಗಿಸಿಯೇ ತೆಗೆದುಕೊಂಡಳು. ಆದರೆ ಪಾತ್ರೆ ತೊಳೆಯುವಾಗ ಅವಳ ಕೈ ಬೇಗ ಬೇಗ ಓಡುತ್ತಿತ್ತು.

ಭರಣಿ ಮಳೆ ಬಿದ್ದ ಮೇಲೆ ಅವಳು ಗುಂಡಿ ತೋಡಿದಳು. ಮರದ ಬುಡದಿಂದ ದೂರಕ್ಕೆ, ನಾಲ್ಕು ಮರಗಳ ನಟ್ಟನಡುವೆ, ತೆಂಗಿನ ಬೇರಿಗೆ ಗುದ್ದಲಿ ತಾಗದಂತೆ. ಚಿಕ್ಕವ್ವ ಯಾರೂ ಹೇಳದೆಯೇ ಸೀರೆ ಎತ್ತಿ ಕಟ್ಟಿ ಬಂದು ಮಂಕರಿಯಲ್ಲಿ ತಿಪ್ಪೆಗೊಬ್ಬರ ಹೊತ್ತಳು. ಅವಳ ಹೆಸರು ರತ್ನ. ಅವ್ವನಿಗಿಂತ ತುಂಬ ಚಿಕ್ಕವಳು. ಮಕ್ಕಳಾಗಲಿಲ್ಲ ಎಂಬ ಮಾತನ್ನು ದಿನಕ್ಕೊಮ್ಮೆಯಾದರೂ ಯಾವುದೋ ರೂಪದಲ್ಲಿ ಕೇಳಿಸಿಕೊಂಡು ಮನೆಯೊಳಗೆ ಗೋಡೆ ಹಿಡಿದು ನಡೆಯುವವಳಂತೆ ನಡೆಯುತ್ತಿದ್ದಳು. ತೋಟದಲ್ಲಿ ಮಾತ್ರ ಬೇರೆ ರತ್ನ. ಅವ್ವ ಗೆಡ್ಡೆಯನ್ನು ಮೊಳಕೆ ಒಡೆಯುವ ಕಣ್ಣಿನ ಭಾಗ ಎಲ್ಲ ಹೋಳಿಗೂ ಬರುವಂತೆ ಕೊಯ್ಯುವುದನ್ನು ತೋರಿಸಿದಳು. ಚಿಕ್ಕವ್ವ ಹೋಳನ್ನು ಸಗಣಿ ಬಗ್ಗಡದಲ್ಲಿ ಅದ್ದಿ ನೆರಳಿಗೆ ಹರಡಿದಳು. ಗುಂಡಿಗೆ ಗೊಬ್ಬರ, ಬೂದಿ, ಮೇಲೆ ಹೋಳು, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಒಣಗಿದ ಸೋಗೆ. ಸೋಗೆ ಎಳೆದು ತರುವುದು ನನ್ನ ಪಾಲಿಗೆ ಬಂತು. ಕೈಗೆ ಚುಚ್ಚುತ್ತಿತ್ತು, ಬೆವರಿಗೆ ಅಂಟುತ್ತಿತ್ತು, ಶಾಲೆಯಿಂದ ಬಂದ ಹಸಿವು ಹೊಟ್ಟೆಯಲ್ಲೇ ಇರುತ್ತಿತ್ತು. ಕೆಲವು ವಾರಗಳಾದ ಮೇಲೆ ಸೋಗೆಯನ್ನು ತಳ್ಳಿಕೊಂಡು ಹಾವಿನ ಮೈಯಂತೆ ಮಚ್ಚೆಯಿದ್ದ ದಂಟುಗಳು ಎದ್ದವು. ನೆತ್ತಿಯಲ್ಲಿ ಎಲೆ ಬಿಚ್ಚಿ ಒಂದೊಂದೂ ಒಂದೊಂದು ಛತ್ರಿಯಾಯಿತು. ತೆಂಗಿನ ಕೆಳಗೆ ಇನ್ನೊಂದು ತೋಟ ಹುಟ್ಟಿದಂತಿತ್ತು.

ಮೊದಲ ವರ್ಷದ ಗೆಡ್ಡೆಯನ್ನು ಮನೆಯವರು ಉಂಡ ದಿನ ಸುಲಭವಾಗಿ ಮರೆಯುವಂಥದ್ದಲ್ಲ. ಎಲೆ ಹಳದಿಯಾಗಿ ಮಗುಚಿಬಿದ್ದ ಮೇಲೆ ಅಗೆದು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆದು, ಹುರುಳಿಕಾಳಿನ ಜೊತೆ ಸಾರು ಮಾಡಿದ್ದರು. ಹುಣಸೆಹುಳಿ ಕಡಿಮೆಯಾಗಿತ್ತೋ, ಬೆಂದದ್ದು ಸಾಲದೋ, ಎರಡು ತುತ್ತಿಗೆ ಎಲ್ಲರ ಗಂಟಲೂ ಕೆರೆಯಲು ಶುರುವಾಯಿತು. ಚಿಕ್ಕಪ್ಪ ಲೋಟದ ಮೇಲೆ ಲೋಟ ನೀರು ಕುಡಿದ. ಅಜ್ಜಿ ಹಿತ್ತಿಲಿಗೆ ಹೋಗಿ ಉಗಿದು ಬಂದು, ಇನ್ನು ಮೇಲೆ ಇದನ್ನು ಬಾಯಿಗಿಡುವುದಿಲ್ಲ ಎಂದಳು. ಹೇಳಿದಂತೆ ಸಾಯುವವರೆಗೂ ಇಡಲಿಲ್ಲ. ಅವ್ವ ಪಾಠ ಕಲಿತಳು: ಸಿಪ್ಪೆ ದಪ್ಪಗೆ ತೆಗೆಯುವುದು, ಮಜ್ಜಿಗೆಯಲ್ಲಿ ನೆನೆಸುವುದು, ಹುಳಿ ಜಾಸ್ತಿ ಹಿಂಡುವುದು. ಮುಂದಿನ ವರ್ಷದ ಹೊತ್ತಿಗೆ ಚಿಕ್ಕಪ್ಪನೇ ಇನ್ನೊಂದು ಸೌಟು ಕೇಳುತ್ತಿದ್ದ. ಮೂಲೆಯಿಂದ ಶುರುವಾದ ಗುಂಡಿಗಳು ಮೆಲ್ಲಗೆ ಕಾಲುವೆ ದಾಟಿ ಈಚೆಗೂ ಬಂದವು. ಕಾಲುವೆ ಅಂಚಿಗೆ ಕೆಸವಿನ ಗೆಡ್ಡೆ ಬಂತು. ಗುಬ್ಬಿಯ ಸಂತೆಗೆ ಒಂದು ಗಾಡಿ, ಮಠದ ದಾಸೋಹಕ್ಕೆ ಒಂದು ಗಾಡಿ ಹೋಗುವಷ್ಟಾಯಿತು. ಮಠಕ್ಕೆ ಗಾಡಿ ಹೊರಡುವ ದಿನ ಅಪ್ಪ ಬಿಳಿ ಪಂಚೆ ಉಟ್ಟುಕೊಂಡು ಮುಂದೆ ಕೂರುತ್ತಿದ್ದ. ಗೆಡ್ಡೆಯನ್ನು ಅವನೇ ಬೆಳೆದವನ ಹಾಗೆ.

ಅಣ್ಣ ತಮ್ಮ ಯಾಕೆ ಬೇರೆಯಾದರು ಎಂದು ಕೇಳಿದರೆ ನನ್ನ ಬಳಿ ಒಂದೇ ಉತ್ತರ ಇಲ್ಲ. ದೊಡ್ಡ ಕಾರಣ ಏನೂ ಇರಲಿಲ್ಲ. ಪಂಪ್‌ಸೆಟ್ ಯಾರು ರಿಪೇರಿ ಮಾಡಿಸಬೇಕು, ಯಾರ ನೆಂಟರು ಬಂದಾಗ ಕೋಳಿ ಕೂಗುವ ಮೊದಲೇ ಎದ್ದು ನೀರು ಕಾಯಿಸಿದವರು ಯಾರು, ಇಂಥವೇ ಒಟ್ಟುಗೂಡಿ ಒಂದು ದಿನ ಊರಿನ ಹಿರಿಯರು ಜಗಲಿಯ ಮೇಲೆ ಕೂರುವಂತಾಯಿತು. ಹೊಲ ಹಂಚುವುದು ಸುಲಭವಾಯಿತು. ತೋಟದ್ದೇ ತಾಪತ್ರಯ. ಕಾಲುವೆ ಕಡೆಯ ಮರಗಳಿಗೆ ಫಸಲು ಹೆಚ್ಚು, ಆಚೆಯವಕ್ಕೆ ಕಡಿಮೆ. ನಡುವೆ ಗೆರೆ ಎಳೆದರೆ ಒಬ್ಬನಿಗೆ ಅನ್ಯಾಯ. ಹಾಗಾಗಿ ಸಾಲು ಬಿಟ್ಟು ಸಾಲು ಹಂಚಿದರು. ಅಪ್ಪನ ಮರಗಳಿಗೆ ಸುಣ್ಣದ ಪಟ್ಟೆ, ಚಿಕ್ಕಪ್ಪನ ಮರಗಳಿಗೆ ಕೆಮ್ಮಣ್ಣಿನ ಪಟ್ಟೆ. ಎಲ್ಲ ಮುಗಿದ ಮೇಲೆ ಅಜ್ಜಿಯ ವಿಷಯ ಬಂತು. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಎಂದರು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಅಡುಗೆಕೋಣೆಯ ನಡುವೆ ಗೋಡೆ ಎದ್ದಿತು. ಇಟ್ಟಿಗೆ ಗೋಡೆ, ಒಂದು ಕಡೆ ಮಾತ್ರ ಗಿಲಾವು. ಗಿಲಾವು ಇಲ್ಲದ ಕಡೆ ನಮ್ಮದು. ಬೀಸುವ ಕಲ್ಲು ನಮಗೆ, ಹಳೆಯ ಒಲೆ ಅವರಿಗೆ. ಅವ್ವ ಈ ಕಡೆ ಹೊಸ ಒಲೆ ಹಾಕಿದಳು; ಬಹಳ ದಿನ ಅದು ಹೊಗೆಯಾಡಿತು. ಗೋಡೆಯಾಚೆ ಚಿಕ್ಕವ್ವ ಕೆಮ್ಮಿದರೆ ನಮಗೆ ಕೇಳುತ್ತಿತ್ತು. ಆದರೆ ಕೂಗಿ ಮಾತಾಡುವಂತಿರಲಿಲ್ಲ. ಗಂಡಸರಿಬ್ಬರೂ ಮಾತು ಬಿಟ್ಟಿದ್ದರು, ಹೆಂಗಸರೂ ಬಿಡಬೇಕು ಎಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅವರಿಬ್ಬರಿಗೆ ಉಳಿದದ್ದು ತೋಟ. ಗುಂಡಿಗಳು ಸಾಲುಗಳ ನಡುವೆ ಇದ್ದವು. ಸುಣ್ಣದ ಮರವೂ ಹತ್ತಿರ, ಕೆಮ್ಮಣ್ಣಿನ ಮರವೂ ಹತ್ತಿರ. ಕಳೆ ಕೀಳುವ ನೆಪದಲ್ಲಿ ಒಬ್ಬಳು ಈ ಬದಿ ಕುಕ್ಕುರುಗಾಲಲ್ಲಿ ಕೂತರೆ ಇನ್ನೊಬ್ಬಳು ಆ ಬದಿ. ಎಲೆಯ ಛತ್ರಿಗಳ ಕೆಳಗೆ ತಲೆಗಳು ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಏನು ಸಾರು ಮಾಡಿದೆ, ಗುಬ್ಬಿಯ ಡಾಕ್ಟರು ಏನಂದರು, ನಿನ್ನ ಗಂಡ ನಿನ್ನೆ ಯಾಕೆ ಹಾಗೆ ಕಿರುಚಿದ. ಅವ್ವ ನನ್ನೊಡನೆಯೂ ಅಪ್ಪನೊಡನೆಯೂ ಅಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ.

ಚಿಕ್ಕಪ್ಪನ ತಕರಾರು ಉದುರಿದ ಕಾಯಿಯಿಂದ ಶುರುವಾಯಿತು. ಗಾಳಿಗೆ ಬಿದ್ದ ಕಾಯಿ ಗೆಡ್ಡೆಯ ಎಲೆಯ ಕೆಳಗೆ ಉರುಳಿ ಹೋಗುತ್ತಿತ್ತು. ಯಾರ ಮರದ್ದು ಎಂದು ಹೇಳುವುದು ಹೇಗೆ? ಬರಿನೆಲದ ಮೇಲೆ ಬಿದ್ದಿದ್ದರೆ ಬುಡ ನೋಡಿ ಹೇಳಬಹುದಿತ್ತು. ಒಂದು ದಿನ ಹೆಂಗಸರು ಎತ್ತಿಟ್ಟಿದ್ದ ಕಾಯಿಯ ರಾಶಿಯ ಮುಂದೆ ಅವನು ನಿಂತು ಕೂಗಾಡಿದ.

"ಇವೆಲ್ಲಾ ಸುಣ್ಣದ್ ಮರದ್ದೇನಾ? ಕೆಮ್ಮಣ್ಣಿನ್ ಮರ ಒಂದೂ ಉದುರ್ಸಲ್ವಾ? ಆ ಎಲೆ ಅಡಿಗೆ ಏನ್ ಹೋಗ್ತದೆ ಏನ್ ಬರ್ತದೆ ನಂಗೊತ್ತಿಲ್ಲ ಅನ್ಕೊಂಡಿದೀರ?"

"ನಿಂಗೆ ಯಾವ್ದು ಬೇಕೋ ತಗಂಡೋಗಪ್ಪ," ಎಂದಳು ಅವ್ವ.

"ನಂಗೆ ಬ್ಯಾಡ ಅತ್ತಿಗೆ ಈ ಕಲಬೆರಕೆ ವ್ಯವಹಾರ. ನನ್ ಸಾಲು ನಾನು ಟ್ರ್ಯಾಕ್ಟರ್ ತರ್ಸಿ ಉಳ್ತೀನಿ. ನೆಲ ಚೊಕ್ಕ ಆಗ್ಲಿ."

ಅವ್ವ ಗೆಡ್ಡೆ ಇನ್ನೂ ಬಲಿತಿಲ್ಲ, ದೀಪಾವಳಿ ಕಳೆಯಲಿ ಎಂದು ಕೇಳಿಕೊಂಡಳು. ಅವನು ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅವಳು ಅಪ್ಪನ ಕಿವಿಗೆ ಹಾಕಿದಳು. "ಅವ್ನ್ ಭಾಗ, ಅವ್ನ್ ಏನಾದ್ರೂ ಮಾಡ್ಕಳ್ಳಿ ಬುಡು," ಎಂದು ಅಪ್ಪ ಕೈ ತೊಳೆದ. ಅವ್ವ ಅವನ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಒಂದು ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ನಾನು ಹಿತ್ತಿಲಲ್ಲಿ ಹಲ್ಲು ಉಜ್ಜುತ್ತಿದ್ದೆ. ಕಾಲುವೆಯ ಆಚೆ ಮೂಲೆಯಿಂದಲೇ ಶುರು ಮಾಡಿದರು. ನೇಗಿಲು ಇಳಿದ ಕಡೆ ಛತ್ರಿಗಳು ಒಂದರ ಮೇಲೊಂದು ಮಗುಚಿದವು. ಮಣ್ಣಿನೊಳಗಿಂದ ಗೆಡ್ಡೆಗಳು ಅರ್ಧಂಬರ್ಧ ಸೀಳಿಕೊಂಡು ಮೇಲೆ ಬಂದವು. ಒಳಗಿನ ಎಳೆಯ ತಿರುಳು ತಿಳಿಗೆಂಪಾಗಿತ್ತು. ಅವುಗಳ ಜೊತೆ ತೆಂಗಿನ ಬೇರಿನ ತುಂಡುಗಳೂ ಹಗ್ಗದ ಚೂರಿನಂತೆ ಎದ್ದವು. ಅವ್ವ ಓಡಿಬಂದು ಕಾಲುವೆ ಈಚೆ ನಿಂತಳು. ಚಿಕ್ಕವ್ವ ಆಚೆ, ಗಂಡನ ಹಿಂದೆ ನಿಂತಿದ್ದಳು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಸುಣ್ಣದ ಮರವೊಂದರ ಪಕ್ಕ ನಿಂತ. ಟ್ರ್ಯಾಕ್ಟರ್ ಒಂದು ಸಾಲು ಮುಗಿಸಿ ತಿರುಗಿಕೊಳ್ಳುವಷ್ಟರಲ್ಲಿ ಅಜ್ಜಿ ಬಂದಳು. ಕೋಲೂರಿಕೊಂಡು, ಕಾಲುವೆಯ ಹಲಗೆ ದಾಟಿ, ಮುಂದಿನ ಸಾಲಿನ ನಡುವೆ ಎಲೆಗಳನ್ನು ಸರಿಸಿ ಕುಳಿತೇಬಿಟ್ಟಳು. ಆ ತಿಂಗಳು ಅವಳು ಚಿಕ್ಕಪ್ಪನ ಮನೆಯ ಪಾಲಿನವಳು.

"ನೀನ್ಯಾಕವ್ವಾ ಬಂದೆ? ಎದ್ದೇಳು, ಗಾಲಿಗೆ ಸಿಕ್ಕೊಂಡೀಯ!" ಚಿಕ್ಕಪ್ಪ ಕೂಗಿದ.

"ಸಿಕ್ಕಂಡ್ರೆ ಸಿಕ್ಕಂತೀನಿ. ಮೊದ್ಲು ನಂಗೊಂದ್ ಮಾತು ಹೇಳು. ಭಾಗ ಆದಾಗ ನಂಗೇನ್ ಕೊಟ್ರಿ?"

"ನಿಂಗ್ಯಾಕೆ ಭಾಗ? ಒಂದ್ ತಿಂಗ್ಳು ಅಲ್ಲುಣ್ತೀಯ, ಒಂದ್ ತಿಂಗ್ಳು ಇಲ್ಲುಣ್ತೀಯ."

"ಉಣ್ಣಾಕ್ ಇಕ್ಕೋದು ಭಾಗ ಅಲ್ಲ ಕಣ್ಲಾ. ನಾಯಿಗೂ ಇಕ್ತೀರ. ಮರ ಹಂಚ್ಕಂಡ್ರಿ, ಸುಣ್ಣ ಬಳ್ದ್ರಿ, ಕೆಮ್ಮಣ್ಣು ಬಳ್ದ್ರಿ. ನೆಳ್ಳ ಯಾವನು ಹಂಚ್ದ? ಬೆಳಿಗ್ಗೆ ನಿನ್ ಮರದ್ ನೆಳ್ಳು ಅವ್ನ್ ಸಾಲ್ಗೆ ಬೀಳ್ತದೆ. ಸಂಜೆ ಅವ್ನ್ ಮರದ್ದು ನಿನ್ ಸಾಲ್ಗೆ ಬೀಳ್ತದೆ. ಅದು ನಿಂದೂ ಅಲ್ಲ, ಅವ್ನ್ದೂ ಅಲ್ಲ. ಅದು ನಂದು. ನಾನ್ ಇರೋಗಂಟ ಈ ನೆಳ್ಳು ಬೀಳೋ ನೆಲ ನಂದು."

ಟ್ರ್ಯಾಕ್ಟರಿನವನು ಮೇಲಿನಿಂದಲೇ, "ಏನಾದ್ರೂ ಒಂದು ಹೇಳಿ ಯಜಮಾನ್ರೇ, ಡೀಸೆಲ್ ಸುಡ್ತಾ ಐತೆ," ಎಂದ.

ಚಿಕ್ಕಪ್ಪ ಅಣ್ಣನ ಕಡೆ ನೋಡಿದ. ಎಷ್ಟೋ ತಿಂಗಳ ಮೇಲೆ ಅವನು ಅಣ್ಣನ ಮುಖ ನೋಡಿದ್ದು ಅವತ್ತೇ ಇರಬೇಕು. ಅಪ್ಪ ಕಣ್ಣು ತಗ್ಗಿಸಿದ. ಅಷ್ಟರಲ್ಲಿ ಟ್ರ್ಯಾಕ್ಟರ್ ಸದ್ದಿಗೆ ಅಕ್ಕಪಕ್ಕದ ತೋಟದವರೂ ಬೇಲಿಯ ಬಳಿ ಬಂದು ನಿಂತಿದ್ದರು. ಹೆತ್ತವ್ವ ನೆಲದ ಮೇಲೆ ಕೂತು ಪಾಲು ಕೇಳುತ್ತಿರುವಾಗ ಇಲ್ಲ ಎನ್ನುವುದು ಅವರೆದುರು ಆಗುವ ಮಾತಲ್ಲ.

"ಮತ್ತೆ ಎಲೆ ಅಡಿಗೆ ಬಿದ್ದ ಕಾಯಿ?" ಕೊನೆಗೆ ಚಿಕ್ಕಪ್ಪ ಕೇಳಿದ. ದನಿ ಆಗಲೇ ಇಳಿದಿತ್ತು.

"ಅದು ಮಠಕ್ಕೆ. ನಿಮ್ಮಿಬ್ರಿಗೂ ಬ್ಯಾಡ."

ಟ್ರ್ಯಾಕ್ಟರ್ ಹೋಯಿತು. ಅವ್ವನೂ ಚಿಕ್ಕವ್ವನೂ ಸೀಳಿದ ಗೆಡ್ಡೆಗಳನ್ನು ಆಯ್ದರು. ಎಳೆಯವು, ಬೀಜಕ್ಕೂ ಬರುವಂಥವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಸಗಣಿಯಲ್ಲಿ ಅದ್ದಿ ನೆರಳಿಗೆ ಹರಡಿದರು. ಹೆಚ್ಚಿನವು ಕೊಳೆತವು. ಅಜ್ಜಿ ಅಲ್ಲಿಂದ ಎದ್ದವಳು ಮನೆಗೆ ಹೋಗುವಾಗ ಇಬ್ಬರು ಸೊಸೆಯರನ್ನೂ ಕಣ್ಣೆತ್ತಿ ನೋಡಲಿಲ್ಲ. ಅವರಿಗಾಗಿ ಹಾಗೆ ಮಾಡಿದಳೆಂದು ನಾನು ಬಹಳ ವರ್ಷ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಇಡೀ ತೋಟ ಹಂಚಿ ಮುಗಿದಾಗ ಅವಳಿಗೆ ಎಂದು ಒಂದು ಅಂಗೈ ಜಾಗವೂ ಉಳಿದಿರಲಿಲ್ಲ. ಅವಳು ತನಗಾಗಿ ಕೇಳಿದಳು, ತನಗೇ ತೆಗೆದುಕೊಂಡಳು. ತೆಗೆದುಕೊಂಡ ಮೇಲೆ ಅದರಲ್ಲಿ ಏನಾದರೂ ಬೆಳೆಯುತ್ತಿರಬೇಕಾಗಿತ್ತು, ಇಲ್ಲದಿದ್ದರೆ ಅದು ಅವಳದೆಂದು ತೋರುವುದು ಹೇಗೆ?

ಅಲ್ಲಿಂದ ಮುಂದಿನ ವರ್ಷಗಳು ನನ್ನ ನೆನಪಿನಲ್ಲಿ ಬೇರೆ ಬೇರೆಯಾಗಿಲ್ಲ, ಒಂದೇ ಉದ್ದನೆಯ ಕೆಲಸವಾಗಿ ಉಳಿದಿವೆ. ಮಳೆಗೆ ಮುಂಚೆ ಅಜ್ಜಿ ತೋಟದಲ್ಲಿ ಹಗ್ಗದ ಮಂಚ ಹಾಕಿಸಿಕೊಂಡು ಕೂರುತ್ತಿದ್ದಳು. "ನನ್ ನೆಳ್ಳಾಗೆ ಒಂದ್ ಗುಂಡೀನೂ ಖಾಲಿ ಬೀಳ್ಬಾರ್ದು," ಎನ್ನುತ್ತಿದ್ದಳು. ಮೊದಲು ಅವ್ವ ಇಷ್ಟ ಬಂದಷ್ಟು ತೋಡುತ್ತಿದ್ದಳು. ಈಗ ತೋಟ ಪೂರ್ತಿ ತೋಡಬೇಕಾಯಿತು. ಗೊಬ್ಬರ ಹೊರುವುದು, ಸೋಗೆ ಮುಚ್ಚುವುದು, ಕಳೆ ಕೀಳುವುದು, ಅಗೆಯುವುದು, ಮಣ್ಣು ಕೆರೆದು ಬೀಜದ್ದು ಬೇರೆ ತಿನ್ನುವುದು ಬೇರೆ ಮಾಡುವುದು. ಅದರ ಮೇಲೆ ಮನೆಯ ಕೆಲಸ, ಎಮ್ಮೆಯ ಕೆಲಸ. ಅವ್ವನ ಬೆರಳ ಸಂದುಗಳು ಸಿಪ್ಪೆ ತೆಗೆದು ತೆಗೆದು ಬಿರಿದಿದ್ದವು. ಉಪ್ಪು ಮುಟ್ಟಿದರೆ ಉಸಿರು ಎಳೆದುಕೊಳ್ಳುತ್ತಿದ್ದಳು. ನಾನು ಗುಬ್ಬಿಯ ಹೈಸ್ಕೂಲಿನಿಂದ ಬಂದು ಯೂನಿಫಾರ್ಮ್ ಬಿಚ್ಚುವ ಮೊದಲು ಮಂಕರಿ ಎತ್ತುತ್ತಿದ್ದೆ. ಬೆಂಚಿನಲ್ಲಿ ಪಕ್ಕದಲ್ಲಿ ಕೂತವಳು ನನ್ನ ಕೈ ಮುಟ್ಟಿದರೆ ತನಗೂ ತುರಿಸುತ್ತದೆ ಎಂದು ಸರಿದು ಕೂರುತ್ತಿದ್ದಳು. ಅವ್ವನೂ ಚಿಕ್ಕವ್ವನೂ ಈಗ ಯಾರ ಭಯವೂ ಇಲ್ಲದೆ ಒಟ್ಟಿಗೆ ಇರಬಹುದಿತ್ತು. ಆದರೆ ಮಾತು ಕಡಿಮೆಯಾಯಿತು. ಮಾತಾಡುವುದಕ್ಕೂ ಸ್ವಲ್ಪ ಉಸಿರು ಉಳಿದಿರಬೇಕಲ್ಲ.

ಒಂದು ವರ್ಷ, ಬೀಜ ಕೊಯ್ಯುವ ಹೊತ್ತಿನಲ್ಲಿ, ಅವ್ವ ಕುಡುಗೋಲು ಕೆಳಗಿಟ್ಟು ಕೇಳಿದಳು.

"ಅತ್ತೆ, ಈ ವರ್ಸ ಬುಟ್ಟುಬುಡ್ಲಾ? ಸೊಂಟ ಆಡಾಕ್ ಆಗ್ತಾ ಇಲ್ಲ."

ಅಜ್ಜಿ ಮಂಚದ ಮೇಲೆ ನೆಟ್ಟಗಾದಳು. "ಬುಡ್ತೀಯಾ? ಊರ್ ಮುಂದೆ ಮಣ್ಣಾಗ್ ಕೂತು ತಗಂಡಿದ್ದು ನಾನು. ನೀನ್ ಬುಡ್ತೀಯಾ? ಇಡೀ ಊರು ನಗ್ಲಿ ಅಂತಾನಾ?"

ಚಿಕ್ಕವ್ವ ಏನೋ ಹೇಳಲು ಬಾಯಿ ತೆರೆದಳು. ಅವ್ವ ತಲೆ ಅಲ್ಲಾಡಿಸಿ ಬೇಡವೆಂದಳು, ಕುಡುಗೋಲು ಎತ್ತಿಕೊಂಡಳು. ಅವತ್ತಿನ ಅವಳ ಮುಖ ನನ್ನೊಳಗೆ ಹಾಗೇ ಇದೆ. ಅತ್ತೆಯ ಮೇಲೆ ಸಿಟ್ಟಿರಲಿಲ್ಲ ಅದರಲ್ಲಿ. ತಾನೇ ಚೀಲದಲ್ಲಿ ಹೊತ್ತು ತಂದದ್ದು, ತಾನೇ ಬೇಡಿ ಪಡೆದದ್ದು, ಇನ್ನೊಬ್ಬರು ತನ್ನ ಪರವಾಗಿ ಎಂಬಂತೆ ಗೆದ್ದುಕೊಟ್ಟದ್ದು. ಇದನ್ನು ಬೇಡ ಎನ್ನುವ ದಾರಿ ಎಲ್ಲಿದೆ ಎಂದು ಹುಡುಕಿ ಸೋತ ಮುಖ. ನಾನು ಇಷ್ಟು ವರ್ಷ ಒಂದೇ ಕಾರ್ಖಾನೆಯಲ್ಲಿ, ಕಾಲು ಊದಿಕೊಂಡರೂ, ನಾನೇ ಒಮ್ಮೆ ಹೋರಾಡಿ ಪಡೆದ ಜಾಗ ಎಂಬ ಒಂದೇ ಕಾರಣಕ್ಕೆ ನಿಂತುಬಿಟ್ಟಿದ್ದೇನೆ. ಇದನ್ನು ಎಲ್ಲಿ ಕಲಿತೆ ಎಂದು ನನ್ನನ್ನೇ ಕೇಳಿಕೊಂಡರೆ ಉತ್ತರಕ್ಕೆ ದೂರ ಹೋಗಬೇಕಿಲ್ಲ.

ಅಜ್ಜಿ ತೀರಿಕೊಂಡದ್ದು ಒಂದು ಚಳಿಗಾಲದಲ್ಲಿ. ಎಲೆಗಳೆಲ್ಲ ಹಳದಿಯಾಗಿ ನೆಲ ಕಚ್ಚಿದ್ದವು, ಗೆಡ್ಡೆ ಇನ್ನೂ ಮಣ್ಣಿನೊಳಗಿತ್ತು. ಆ ತಿಂಗಳು ಅವಳು ನಮ್ಮ ಪಾಲಿನವಳು. ಬೆಳಿಗ್ಗೆ ಕಾಫಿ ಕುಡಿದು, ಚಳಿ ಎಂದು ಕಂಬಳಿ ಕೇಳಿ, ರಜೆಗೆಂದು ಊರಿಗೆ ಬಂದಿದ್ದ ನಾನು ಕಂಬಳಿ ತರುವಷ್ಟರಲ್ಲಿ ಹೋಗಿದ್ದಳು. ತೋಟದ ಅಂಚಿನಲ್ಲೇ ಮಣ್ಣು ಮಾಡಿದರು. ಗುಂಡಿ ತೋಡಲು ಅಣ್ಣ ತಮ್ಮ ಇಬ್ಬರೂ ಗುದ್ದಲಿ ಹಿಡಿದರು. ತೆಂಗಿನ ಬೇರು ಅಡ್ಡ ಬಂದ ಕಡೆ ಇಬ್ಬರೂ ನಿಲ್ಲಿಸಿ, ಒಬ್ಬರನ್ನೊಬ್ಬರು ನೋಡಿ, ಬೇರು ಬಿಟ್ಟು ಪಕ್ಕಕ್ಕೆ ಅಗೆದರು. ಹನ್ನೊಂದನೆಯ ದಿನದ ಊಟಕ್ಕೆ ಬಂದ ನೆಂಟರಿಗೆಲ್ಲ ಅವಳ ನೆರಳಿನ ಗೆಡ್ಡೆಯನ್ನೇ ಅಗೆದು ಪಲ್ಯ ಮಾಡಿದರು. ಎಲ್ಲರೂ ಚೆನ್ನಾಗಿದೆ ಎಂದರು. ಅವಳು ಮಾತ್ರ ಅದರ ರುಚಿಯನ್ನು ಕೊನೆಗೂ ನೋಡಿರಲಿಲ್ಲ.

ನಾನಾಗ ತುಮಕೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಯುಗಾದಿಗೆ ಊರಿಗೆ ಬಂದಾಗ ಅಟ್ಟದ ಕೆಳಗೆ ಬೀಜದ ಗೆಡ್ಡೆ ಇರಲಿಲ್ಲ. ಬೂದಿಯೂ ಇರಲಿಲ್ಲ, ಆ ಮೂಲೆಯನ್ನು ಗುಡಿಸಿ ಸಾರಿಸಿದ್ದರು. ಉಳಿದದ್ದನ್ನೆಲ್ಲ ಮಠಕ್ಕೆ ಕಳಿಸಿಬಿಟ್ಟೆ ಎಂದಳು ಅವ್ವ. ಹಬ್ಬ ಕಳೆದು ಒಂದು ದಿನ, ಉಂಡು ಪಾತ್ರೆ ತೊಳೆದಾದ ಮೇಲೆ, ಚಿಕ್ಕಪ್ಪ ನಮ್ಮ ಜಗಲಿಗೆ ಬಂದ. ಗೋಡೆ ಎದ್ದ ಮೇಲೆ ಅವನು ನಮ್ಮ ಹೊಸ್ತಿಲ ಬಳಿ ನಿಂತದ್ದು ಅಜ್ಜಿಯ ಸಾವಿನಲ್ಲಿ ಬಿಟ್ಟರೆ ಅದೇ ಮೊದಲು. ಕೂರು ಎಂದರೆ ಕೂರಲಿಲ್ಲ.

"ಅತ್ತಿಗೆ, ಇನ್ನೂ ಬೀಜ ಕುಯ್ದಿಲ್ವಲ್ಲ. ಮಳೆ ಬಂದ್ಬುಡ್ತದೆ."

"ಈ ವರ್ಸ ಹಾಕಲ್ಲ ಕಣಪ್ಪ."

"ನಾನ್ ಉಳ್ತೀನಿ ಅಂತ ಹಂಗಂತೀರಾ? ನಾನೇನ್ ಉಳಲ್ಲ. ಅವ್ವ ಹೇಳಿದ್ದು ಹಂಗೇ ಇರ್ಲಿ. ನಾನೇನ್ ಬ್ಯಾಡ ಅನ್ನಲ್ಲ."

"ಅದಕ್ಕಲ್ಲ ಕಣೋ." ಅವ್ವ ಹೊಸ್ತಿಲ ಮೇಲೆ ಕೂತಿದ್ದಳು, ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು. "ಉಳೋದಾದ್ರೆ ಉಳು, ಹಂಗೇ ಬುಟ್ರೆ ಬುಡು. ನಂಗ್ ಸಾಕಾಗೋಯ್ತು."

ಅವನು ಹೆಗಲ ಮೇಲಿನ ಟವೆಲ್ಲು ತೆಗೆದು, ಮತ್ತೆ ಹೆಗಲಿಗೇ ಹಾಕಿಕೊಂಡು, ತೋಟದ ಕಡೆ ಹೋದ. ಅವ್ವ ಎದ್ದು ಒಳಗೆ ಬಂದಳು. ಚಾಪೆ ಹಾಸಿಕೊಳ್ಳಲಿಲ್ಲ. ನಡುಮನೆಯ ತಣ್ಣನೆಯ ನೆಲದ ಮೇಲೆ, ಸೆರಗನ್ನೇ ಸುತ್ತಿ ತಲೆಗಿಟ್ಟುಕೊಂಡು ಮಲಗಿದಳು. ಹಗಲಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ಜ್ವರದಲ್ಲಿಯೂ ಕಂಡಿರಲಿಲ್ಲ. ಮೈ ಹುಷಾರಿಲ್ಲವೇ ಎಂದು ಕೇಳಲು ಹೋದವಳು, ಅಷ್ಟರಲ್ಲೇ ಅವಳ ಉಸಿರು ಉದ್ದವಾದದ್ದು ಕೇಳಿ ಸುಮ್ಮನಾದೆ.

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕವ್ವ ಬಂದಳು. ಹಿತ್ತಿಲಿಂದಲ್ಲ, ಮುಂಬಾಗಿಲಿಂದ.

"ನಿಮ್ಮವ್ವ ಎಲ್ಲಿ ಗಿರಿಜಾ? ಇವ್ರು ಏನೇನೋ ಅಂತಾ ಇದ್ರು."

ನಾನು ಕೈ ತೋರಿಸಿದೆ. ಚಿಕ್ಕವ್ವ ಬಾಗಿಲಲ್ಲಿ ನಿಂತು ಅವ್ವನನ್ನು ನೋಡಿದಳು. ಎಬ್ಬಿಸುತ್ತಾಳೆ ಎಂದುಕೊಂಡೆ. ಅವಳು ಬಂದು ಅವ್ವನ ಪಕ್ಕ ಕೂತಳು, ಬಳೆ ಸದ್ದಾಗದಂತೆ ಮೇಲಕ್ಕೆ ಏರಿಸಿಕೊಂಡಳು, ಆಮೇಲೆ ಅವಳೂ ಅಲ್ಲೇ, ಅವ್ವನ ಬೆನ್ನಿಗೆ ಬೆನ್ನು ಆನಿಸಿ ಮಲಗಿದಳು. ನಾನು ಪುಸ್ತಕ ಹಿಡಿದು ಬಾಗಿಲ ಬಳಿ ಕೂತೆ. ಓದಲಿಲ್ಲ. ಬಿಸಿಲು ಅಂಗಳ ದಾಟಿತು, ಎಮ್ಮೆ ಒಮ್ಮೆ ಕೂಗಿ ಸುಮ್ಮನಾಯಿತು, ಗೋಡೆಯ ಎರಡೂ ಕಡೆಯ ಒಲೆಗಳು ತಣ್ಣಗೇ ಉಳಿದವು. ಕಾಫಿಯ ಹೊತ್ತಿಗೆ ಅಪ್ಪ ಬಂದ; ಅವನ ಹಿಂದೆಯೇ ಹೆಂಡತಿಯನ್ನು ಹುಡುಕಿಕೊಂಡು ಚಿಕ್ಕಪ್ಪ. ಇಬ್ಬರೂ ಬಾಗಿಲಲ್ಲಿ ತಲೆ ಹಾಕಿ ಒಳಗೆ ನೋಡಿದರು. ಚಿಕ್ಕಪ್ಪ ಕರೆಯಲು ಬಾಯಿ ತೆಗೆದ. ಅಪ್ಪ ಅವನ ಮೊಣಕೈ ಹಿಡಿದು ತಡೆದ. ಆಮೇಲೆ ಅಣ್ಣ ತಮ್ಮ ಇಬ್ಬರೂ ಹೊರಗೆ ಹೋಗಿ ಜಗಲಿಯ ಮೇಲೆ, ಒಂದೇ ಕಂಬದ ಎರಡು ಬದಿಗೆ ಒರಗಿ ಕೂತು, ಒಳಗಿನವರು ತಾವಾಗಿಯೇ ಏಳಲೆಂದು ಕಾದರು.